ಲಕ್ವ ಹೊಡೆದ ಕೈಯನ್ನು ಎಳೆಯಲು ಯಾರಿಗೂ ಬಿಡಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆ ಒಬ್ಬರಿಗೆ ಲಕ್ವ ಹೊಡೆದಿದೆ ಎಂದು ಗೊತ್ತಾದರೆ, ನೋಡಲು ಬಂದ ನೆಂಟರಲ್ಲಿ ಒಬ್ಬರಾದರೂ ಯಾವುದೋ ಊರಿನ ಹೆಸರೆತ್ತಿ, ಅಲ್ಲಿ ಎಣ್ಣೆ ತಿಕ್ಕಿ, ಕೈಕಾಲು ಎಳೆದು, ತಿಂಗಳೊಳಗೆ ಓಡಾಡುವಂತೆ ಮಾಡುತ್ತಾರೆ ಎಂದು ಹೇಳಿ ಹೋಗುವುದುಂಟು. ಹೇಳುವವರ ಕಾಳಜಿ ನಿಜವಾದದ್ದೇ. ಆದರೆ ಅಂಥದೊಂದು ಕೇಂದ್ರದಲ್ಲಿ ನನ್ನ ಭುಜಕ್ಕೂ ಧೈರ್ಯಕ್ಕೂ ಆದ ಹಾನಿ ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಯೊಂದರ ಲೆಕ್ಕ ಬರೆಯುತ್ತಿದ್ದವನು. ಪಾರ್ಶ್ವವಾಯುವಿನಿಂದ ಬಲಗೈ, ಬಲಗಾಲು ಸೋತವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಫಿಸಿಯೊಥೆರಪಿ ನಡೆಯುತ್ತಿತ್ತು. ಮೇಜಿನ ಮೇಲೆ ಬಟ್ಟೆಯಿಂದ ಒರೆಸಿದಂತೆ ಕೈ ಸರಿಸುವುದು, ಕುರ್ಚಿಯಿಂದ ಏಳುವಾಗ ಸೋತ ಕಾಲಿನ ಮೇಲೂ ಭಾರ ಹಾಕುವುದು, ಕೋಲು ಹಿಡಿದು ಪಡಸಾಲೆಯಿಂದ ಬಾಗಿಲವರೆಗೆ ನಡೆಯುವುದು, ಇಷ್ಟೇ. ಸುಧಾರಣೆ ನಿಧಾನವಾಗಿತ್ತು, ಆದರೂ ಬೀದಿಯ ಕೊನೆಯ ಅಂಗಡಿಗೆ ಹೋಗಿ ಬರುವಷ್ಟು ಶಕ್ತಿ ಕೂಡಿತ್ತು. ಆ ನಿಧಾನವನ್ನು ಕಂಡು ಮರುಗಿದ ಬಂಧುಗಳು ಕೇಂದ್ರಕ್ಕೆ ಹಣ ಕಟ್ಟಿ ನನ್ನನ್ನು ಕರೆದೊಯ್ದರು.

ಅಲ್ಲಿ ಪರೀಕ್ಷೆ ಎಂಬುದಿರಲಿಲ್ಲ, ಸ್ಕ್ಯಾನ್ ವರದಿಯನ್ನು ಯಾರೂ ಬಿಡಿಸಿ ನೋಡಲಿಲ್ಲ. ರಾಟೆಯ ಹಗ್ಗಕ್ಕೆ ನನ್ನ ಬಲಗೈ ಬಿಗಿದು ತಲೆಯ ಮೇಲಕ್ಕೆ ಎಳೆಯುತ್ತಿದ್ದರು. ಅದು ಸಾಲದೆಂದು ತೋರಿದರೆ ಒಬ್ಬ ಭುಜ ಅದುಮಿ ಹಿಡಿದು ಇನ್ನೊಬ್ಬ ಮುಂಗೈ ಜಗ್ಗುತ್ತಿದ್ದ. ಕೂಗಿಕೊಂಡರೆ, ನೋವಿಗೆ ಹೆದರುವವರಿಗೆ ಕೈ ಬರುವುದಿಲ್ಲ ಎಂಬ ಉತ್ತರ. ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಎಂದೂ ಹೇಳಿದರು. ನನ್ನ ಹೆಂಡತಿ ಅದಕ್ಕೆ ಒಪ್ಪದೆ, ರಕ್ತದೊತ್ತಡದ ಮಾತ್ರೆಯನ್ನೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನೂ ತಪ್ಪದೆ ಕೊಟ್ಟಳು. ಅವುಗಳನ್ನು ತಾವಾಗಿ ಬಿಟ್ಟವರಿಗೆ ಪಾರ್ಶ್ವವಾಯು ಮರುಕಳಿಸುವ ಅಪಾಯ ಹೆಚ್ಚು.

ಕೆಲವೇ ದಿನಗಳಲ್ಲಿ ಭುಜದ ಮೂಳೆಯ ಕೆಳಗೆ ಬೆರಳು ಕೂರುವಷ್ಟು ತಗ್ಗು ಬಿತ್ತು. ರಾತ್ರಿ ಮಗ್ಗುಲಾಗುವುದೂ ಕಷ್ಟವಾಯಿತು. ವೈದ್ಯರು ಕಾರಣ ವಿವರಿಸಿದರು. ತೋಳಿನ ಮೂಳೆಯ ದುಂಡನೆಯ ತುದಿ ಕೂರುವ ಗುಳಿ ಬಹಳ ಆಳವಾದದ್ದಲ್ಲ, ಸುತ್ತಲಿನ ಸ್ನಾಯುಗಳೇ ಅದನ್ನು ಹಿಡಿದಿಡುತ್ತವೆ. ಪಾರ್ಶ್ವವಾಯುವಿನಿಂದ ಆ ಸ್ನಾಯುಗಳು ಸಡಿಲಗೊಂಡಾಗ ತೋಳಿನ ಭಾರಕ್ಕೇ ಮೂಳೆ ಕೆಳಗೆ ಜಾರುತ್ತದೆ, ಎಳೆದರಂತೂ ಒಳಗಿನ ಸ್ನಾಯುರಜ್ಜುಗಳಿಗೂ ಪೆಟ್ಟಾಗುತ್ತದೆ. ತಲೆಯ ಮೇಲಿನ ರಾಟೆಯ ವ್ಯಾಯಾಮ ಬೇಡವೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರ ಮಾರ್ಗಸೂಚಿಯಲ್ಲಿಯೇ ಹೇಳಿದೆ. ಮನೆಯವರೂ ರೋಗಿಯನ್ನು ಎಬ್ಬಿಸುವಾಗ ಸೋತ ಕೈ ಹಿಡಿದಾಗಲಿ, ಕಂಕುಳಿಗೆ ಕೈ ಹಾಕಿಯಾಗಲಿ ಎತ್ತಬಾರದು. ಮಲಗಿದಾಗ, ಕೂತಾಗ ಆ ತೋಳಿನ ಕೆಳಗೆ ದಿಂಬಿನ ಆಸರೆ ಇರಬೇಕು.

ಭುಜದ ನೋವಿಗಿಂತ ಹೆಚ್ಚು ಕಾಲ ಉಳಿದದ್ದು ಇನ್ನೊಂದು. ಒಂದು ಬೆಳಿಗ್ಗೆ ಎಲ್ಲ ರೋಗಿಗಳ ಎದುರು ನನ್ನ ಕೋಲು ಕಸಿದುಕೊಂಡು ಅಂಗಳದಲ್ಲಿ ನಡೆಯಲು ಹೇಳಿದರು. ಪಾದದ ಮುಂಭಾಗ ಮೇಲೇಳದೆ ನೆಲಕ್ಕೆ ತಾಗಿ ಮುಗ್ಗರಿಸಿ ಬಿದ್ದೆ. ನಿಮಗೆ ಗುಣವಾಗುವ ಮನಸ್ಸೇ ಇಲ್ಲ ಎಂದರು. ಮೆದುಳಿನ ಒಂದು ಭಾಗಕ್ಕೆ ರಕ್ತ ನಿಂತು ಆದ ಸೋಲನ್ನು ಮನಸ್ಸಿನ ಸೋಲು ಎನ್ನುವುದು ಸುಳ್ಳು ಮಾತ್ರವಲ್ಲ, ಕ್ರೂರ. ಮನೆಗೆ ಮರಳಿದ ಮೇಲೆ ಬಚ್ಚಲಿಗೆ ಹೋಗಲೂ ಯಾರಾದರೂ ಜೊತೆಗೆ ಬೇಕು ಎನ್ನಿಸತೊಡಗಿತು. ಮಂಡಿಯವರು ಬಂದರೆ ಮಲಗಿದ್ದೇನೆ ಎಂದು ಹೇಳಿಸುತ್ತಿದ್ದೆ. ಬೀಳುವ ಭಯದಿಂದ ನಡಿಗೆ ನಿಲ್ಲುತ್ತದೆ, ನಡಿಗೆ ನಿಂತರೆ ಕಾಲು ಮತ್ತಷ್ಟು ಸೋಲುತ್ತದೆ, ಆಗ ಬೀಳುವ ಸಂಭವ ನಿಜವಾಗಿಯೂ ಹೆಚ್ಚುತ್ತದೆ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂರರಲ್ಲೊಬ್ಬರನ್ನು ಖಿನ್ನತೆ ಕಾಡುತ್ತದೆ. ಅದಕ್ಕೂ ಚಿಕಿತ್ಸೆಯಿದೆ, ವೈದ್ಯರಿಗೆ ಹೇಳಿಕೊಳ್ಳಬೇಕು.

ಮೊದಲಿನ ಫಿಸಿಯೊಥೆರಪಿಸ್ಟ್ ಹತ್ತಿರವೇ ಮತ್ತೆ ಹೋದೆ. ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಕೊಡಿಸಿದರು, ಬಿದ್ದರೆ ಹೇಗೆ ಏಳಬೇಕೆಂಬುದನ್ನೂ ಕಲಿಸಿದರು. ನನ್ನ ಭಯವನ್ನು ಇಳಿಸಿದ್ದು ಮುಖ್ಯವಾಗಿ ಆ ಪಾಠ. ಈಗ ಕುಂದವಾಡ ಕೆರೆಯ ಏರಿಯ ಮೇಲೆ ಕೋಲು ಹಿಡಿದು ಸ್ವಲ್ಪ ದೂರ ನಡೆಯುತ್ತೇನೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆಂಬುದು ನಿಜ, ಆ ಬಳಿಕವೂ ಅದು ನಿಂತುಬಿಡುವುದಿಲ್ಲ. ಆ ಅಮೂಲ್ಯ ತಿಂಗಳುಗಳನ್ನೇ ಇಂಥ ಕೇಂದ್ರಗಳು ತಿಂದುಹಾಕುತ್ತವೆ.

ಲಕ್ವವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾ ಕೇಂದ್ರಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರಬೇಕು. ಹಣ ಕಟ್ಟುವ ಮುನ್ನ ಆ ನೋಂದಣಿ ಪತ್ರವನ್ನೂ ಚಿಕಿತ್ಸೆ ಕೊಡುವವರ ವಿದ್ಯಾರ್ಹತೆಯನ್ನೂ ಕೇಳಿ. ತೋರಿಸಲು ಹಿಂಜರಿದರೆ ರೋಗಿಯನ್ನು ಅಲ್ಲಿ ಬಿಡದೆ ಹೊರಟುಬನ್ನಿ, ಅವರ ಕರಪತ್ರವನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ದೂರಿನೊಂದಿಗೆ ಕೊಡಿ.