ಫೈಲು ಒಂದು, ಬಣ್ಣ ಇನ್ನೊಂದು: ಎಡಿಟರ್‌ನ ತಪ್ಪು ಗುರುತಿಗೆ ನಾನು ಮಾಡಿ ನೋಡಿದ ಮದ್ದುಗಳು

ಕಳೆದ ವರ್ಷ ಒಂದು ಮಧ್ಯಾಹ್ನ ವಿಎಸ್ ಕೋಡ್ ಅನ್ನುವ ಕೋಡ್ ಎಡಿಟರ್‌ನಲ್ಲಿ ಎಚ್‌ಟಿಎಂಎಲ್ (ವೆಬ್ ಪುಟದ) ಫೈಲ್ ತೆರೆದು 'ಯುಎಲ್' ಅಂತ ಎರಡಕ್ಷರ ಬರೆದು ಟ್ಯಾಬ್ ಒತ್ತಿದೆ. ಅದು ಅರಳಿ ಪೂರ್ತಿ ಟ್ಯಾಗ್ ಆಗಬೇಕಿತ್ತು. ಆಗಲಿಲ್ಲ. ಮುಂದೆ ಖಾಲಿ ಜಾಗ ಬಂತು, ಅಷ್ಟೇ. ಹೀಗೆ ಚುಟುಕನ್ನು ಟ್ಯಾಗ್ ಮಾಡಿಕೊಡುವ ಎಮ್ಮೆಟ್ ಕೆಟ್ಟಿತು ಅಂದುಕೊಂಡೆ. ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿದೆ, ಎಡಿಟರ್ ಮುಚ್ಚಿ ತೆರೆದೆ. ಒಂದು ಗಂಟೆ ಹೀಗೇ ಹೋಯಿತು. ಕೊನೆಗೆ, ಫೈಲು ಯಾವ ಭಾಷೆಯದು ಅಂತ ಎಡಿಟರ್ ತೋರಿಸುವ ಬಲಗಡೆ ಕೆಳಮೂಲೆ ಕಣ್ಣಿಗೆ ಬಿತ್ತು. ಅಲ್ಲಿ 'ಎಚ್‌ಟಿಎಂಎಲ್' ಅಂತ ಇರಬೇಕಾದ ಕಡೆ 'ಜಾಂಗೋ ಎಚ್‌ಟಿಎಂಎಲ್' ಅಂತ ಇತ್ತು. ಜಾಂಗೋ ಅಂದರೆ ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಸಲಕರಣೆ. ಆ ಪ್ರಾಜೆಕ್ಟ್‌ನಲ್ಲಿ ಜಾಂಗೋ ಹೆಸರೇ ಇಲ್ಲ!

ತಪ್ಪು ಎಡಿಟರ್‌ದಲ್ಲ, ನನ್ನದೇ. ಎಂಟು ತಿಂಗಳ ಹಿಂದೆ ಬೇರೆ ಪ್ರಾಜೆಕ್ಟ್‌ನಲ್ಲಿ ಜಾಂಗೋ ಟೆಂಪ್ಲೇಟುಗಳು (ಎಚ್‌ಟಿಎಂಎಲ್ ನಡುವೆ ಜಾಂಗೋ ಆಜ್ಞೆ ಬೆರೆಸಿದ ಪುಟಗಳು) ಬರೀ ಎಚ್‌ಟಿಎಂಎಲ್ ಆಗಿ ತೆರೆದುಕೊಳ್ಳುತ್ತಿದ್ದವು. ಅದನ್ನು ಸರಿಮಾಡಲು ಅದೇ ಮೂಲೆ ಒತ್ತಿ, ಬಂದ ಪಟ್ಟಿಯಲ್ಲಿ 'ಡಾಟ್ ಎಚ್‌ಟಿಎಂಎಲ್ ಫೈಲುಗಳನ್ನೆಲ್ಲ ಹೀಗೇ ನೋಡು' ಅನ್ನುವ ಅರ್ಥದ ಸಾಲು ಆರಿಸಿದ್ದೆ. ಆ ಸಾಲು ಎಲ್ಲಿ ಬರೆದುಕೊಳ್ಳುತ್ತದೆ ಅಂತ ನೋಡಿರಲಿಲ್ಲ. ಅದು ಬರೆದುಕೊಳ್ಳುವುದು ನನ್ನ ಸ್ವಂತ ಸೆಟ್ಟಿಂಗ್ಸ್‌ಗೆ. ಅಂದರೆ ಈ ಕಂಪ್ಯೂಟರ್‌ನಲ್ಲಿ ನಾನು ತೆರೆಯುವ ಪ್ರತಿಯೊಂದು ಎಚ್‌ಟಿಎಂಎಲ್ ಫೈಲೂ ಅವತ್ತಿನಿಂದ ಜಾಂಗೋ ಫೈಲೇ.

ಅಲ್ಲಿಂದ ಈ ವಿಷಯ ತಲೆಗೆ ಹತ್ತಿತು. ಫೈಲು ಯಾವ ಭಾಷೆಯದು ಅನ್ನುವ ಗುರುತು ತಪ್ಪಾದರೆ (ಎಡಿಟರ್ ಪದಗಳಿಗೆ ಬಣ್ಣ ಹಚ್ಚುವುದೂ ಇದನ್ನು ನೋಡಿಯೇ) ಸರಿಮಾಡಲು ದಾರಿ ಹತ್ತಾರಿವೆ. ಯಾವ ಎಡಿಟರ್ ಒಳ್ಳೆಯದು ಅನ್ನುವುದಕ್ಕಿಂತ, ಮಾಡಿದ ರಿಪೇರಿ ಎಲ್ಲಿ ಹೋಗಿ ಕೂರುತ್ತದೆ ಅನ್ನುವುದೇ ದೊಡ್ಡ ವ್ಯತ್ಯಾಸ. ಈ ಕಿಟಕಿಯಲ್ಲಾ, ನನ್ನ ಕಂಪ್ಯೂಟರ್‌ನಲ್ಲಾ, ಪ್ರಾಜೆಕ್ಟ್‌ನಲ್ಲಾ, ಫೈಲಿನ ಹೊಟ್ಟೆಯೊಳಗಾ? ನನ್ನನ್ನು ಜಾಸ್ತಿ ಸತಾಯಿಸುವ ಮೂರು ಬಗೆಯ ಫೈಲುಗಳ ಮೇಲೆ ಎಲ್ಲವನ್ನೂ ಮಾಡಿ ನೋಡಿದೆ: ಜಾಂಗೋ ಟೆಂಪ್ಲೇಟು, ಸರ್ವರ್‌ನಲ್ಲಿರುವ ಎಂಜಿನ್‌ಎಕ್ಸ್ (ವೆಬ್ ಸರ್ವರ್) ಸೆಟ್ಟಿಂಗ್ಸ್ ಫೈಲು, ಆಮೇಲೆ ನಮ್ಮ ಚಿಕ್ಕಪ್ಪನ ಕಥೆಗಳು. ಮೇಜಿನ ಮೇಲೆ ನನ್ನದು ವಿಎಸ್ ಕೋಡ್, ಸರ್ವರ್‌ನಲ್ಲಿ ಟರ್ಮಿನಲ್ ಒಳಗೇ ಓಡುವ ವಿಮ್ ಎಡಿಟರ್.

ಕೈಯಿಂದ ಆಗಾಗ ಬದಲಿಸುವುದರ ಬಗ್ಗೆ ಹೇಳುವುದು ಕಮ್ಮಿ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್-ಕೆ ಒತ್ತಿ ಆಮೇಲೆ ಎಂ. ವಿಮ್‌ನಲ್ಲಿ ಸೆಟ್ ಎಫ್‌ಟಿ ಅಂತ ಬರೆದು ಭಾಷೆಯ ಹೆಸರು ಕೊಡುವುದು. ಫೈಲ್ ಮುಚ್ಚಿ ತೆರೆದರೆ ಮತ್ತೆ ಹಳೇ ಕಥೆ. ಒಂದೇ ಸಲ ನೋಡಿ ಬಿಡುವ ಫೈಲಿಗೆ ಇದು ಸಾಕು. ದಿನಕ್ಕೆ ಎರಡು ಸಲ ಮಾಡುತ್ತಿದ್ದೀರಿ ಅಂದರೆ ಬೇರೆ ದಾರಿ ನೋಡಿ.

ಜಾಂಗೋ ಟೆಂಪ್ಲೇಟಿಗೆ ಗೆದ್ದದ್ದು ಪ್ರಾಜೆಕ್ಟ್ ಒಳಗಿನ ಸೆಟ್ಟಿಂಗ್ಸ್. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಡಾಟ್ ವಿಎಸ್‌ಕೋಡ್ ಅನ್ನುವ ಫೋಲ್ಡರ್ ಮಾಡಿ, ಅದರ ಸೆಟ್ಟಿಂಗ್ಸ್ ಫೈಲಿನಲ್ಲಿ 'ಫೈಲ್ಸ್ ಅಸೋಸಿಯೇಷನ್ಸ್' ಕೆಳಗೆ ಒಂದು ಸಾಲು: ಟೆಂಪ್ಲೇಟ್ಸ್ ಫೋಲ್ಡರ್ ಕೆಳಗಿನ ಎಚ್‌ಟಿಎಂಎಲ್ ಮಾತ್ರ ಜಾಂಗೋ, ಮಿಕ್ಕಿದ್ದು ಮಾಮೂಲು. ಇಲ್ಲೂ ನಾನು ಎಡವಿದೆ. ಮೊದಲು 'ಟೆಂಪ್ಲೇಟ್ಸ್, ಸ್ಲ್ಯಾಶ್, ಸ್ಟಾರ್, ಡಾಟ್ ಎಚ್‌ಟಿಎಂಎಲ್' ಅಂತ ಬರೆದೆ. ಏನೂ ಬದಲಾಗಲಿಲ್ಲ. ನಿಯಮ ಏನೆಂದರೆ, ಸ್ಲ್ಯಾಶ್ ಇಲ್ಲದಿದ್ದರೆ ಬರೀ ಫೈಲಿನ ಹೆಸರಿಗೆ ಹೋಲಿಸಿ ನೋಡುತ್ತದೆ. ಸ್ಲ್ಯಾಶ್ ಬಂತೋ, ಬೇರಿನಿಂದ ತುದಿಯವರೆಗಿನ ಇಡೀ ವಿಳಾಸಕ್ಕೆ ಹೋಲಿಸುತ್ತದೆ. ಹಾಗಾಗಿ ಮುಂದೆ ಎರಡು ಸ್ಟಾರ್ ಮತ್ತು ಒಂದು ಸ್ಲ್ಯಾಶ್ ಹಾಕಲೇಬೇಕು. ಹಾಕಿದ ತಕ್ಷಣ ಬಣ್ಣ ಬಂತು.

ಬಣ್ಣ ಬಂತು, ಎಮ್ಮೆಟ್ ಹೋಯಿತು. ಜಾಂಗೋ ಎಚ್‌ಟಿಎಂಎಲ್ ಅನ್ನುವುದು ಎಮ್ಮೆಟ್‌ಗೆ ಗೊತ್ತಿಲ್ಲದ ಭಾಷೆ. 'ಎಮ್ಮೆಟ್ ಇನ್‌ಕ್ಲೂಡ್ ಲ್ಯಾಂಗ್ವೇಜಸ್' ಅನ್ನುವ ಇನ್ನೊಂದು ಸೆಟ್ಟಿಂಗ್‌ನಲ್ಲಿ 'ಇದನ್ನೂ ಎಚ್‌ಟಿಎಂಎಲ್ ಥರವೇ ನೋಡಪ್ಪ' ಅಂತ ಹೇಳಬೇಕು. ಭಾಷೆಯ ಹೆಸರು ಬದಲಾದರೆ ಬಣ್ಣ ಮಾತ್ರ ಬದಲಾಗುವುದಿಲ್ಲ. ಸ್ನಿಪೆಟ್ (ಚುಟುಕು ಬರೆದರೆ ಅರಳುವ ಸಿದ್ಧ ತುಂಡು), ಇಂಡೆಂಟ್ (ಸಾಲಿನ ಮುಂದಿನ ಖಾಲಿ ಜಾಗ), ತಪ್ಪು ತೋರಿಸುವ ಕೆಂಪು ಗೆರೆ, ಎಲ್ಲವೂ ಆ ಹೆಸರಿಗೇ ಗಂಟು ಹಾಕಿಕೊಂಡಿರುತ್ತವೆ.

ಇದರ ಲಾಭ ಏನೆಂದರೆ, ಆ ಫೋಲ್ಡರನ್ನು ಟೀಮು ಕೋಡ್ ಹಂಚಿಕೊಳ್ಳುವ ಗಿಟ್‌ಗೆ ಸೇರಿಸಿದರೆ ಟೀಮಿನ ಎಲ್ಲರಿಗೂ ಒಂದೇ ಸಲ ಸರಿಹೋಗುತ್ತದೆ. ಅವರವರ ಸ್ವಂತ ಸೆಟ್ಟಿಂಗ್ಸ್ ಅಳಿಸಿಹೋಗುವುದಿಲ್ಲ, ಎರಡೂ ಬೆರೆಯುತ್ತವೆ. ಆದರೆ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಆ ಫೋಲ್ಡರ್ ಗಿಟ್‌ಇಗ್ನೋರ್ (ಗಿಟ್ ಬಿಟ್ಟುಬಿಡಬೇಕಾದ) ಪಟ್ಟಿಯಲ್ಲಿರುತ್ತದೆ. ನಮ್ಮಲ್ಲೂ ಇತ್ತು. ಎರಡು ದಿನ 'ನನಗೆ ಬರ್ತಿಲ್ಲ', 'ನನಗೆ ಬರ್ತಿದೆಯಲ್ಲ' ಅಂತ ಜಗ್ಗಾಡಿದ ಮೇಲೆ ಗೊತ್ತಾಯಿತು. ಇನ್ನು ಬೇರೆ ಎಡಿಟರ್ ಬಳಸುವವರಿಗೆ ಇದರಿಂದ ಮೂರು ಕಾಸಿನ ಉಪಯೋಗ ಇಲ್ಲ.

ಇದೇ ಟೆಂಪ್ಲೇಟ್ ವಿಮ್‌ನಲ್ಲಿ ಬೇರೆ ಥರ ಕಾಡಿತು. ವಿಮ್ ಹೆಸರಿನ ಬಾಲ (ಡಾಟ್ ಎಚ್‌ಟಿಎಂಎಲ್ ಥರದ್ದು) ನೋಡಿ ಸುಮ್ಮನಾಗುವುದಿಲ್ಲ. ಎಚ್‌ಟಿಎಂಎಲ್ ಫೈಲಿನ ಮೊದಲ ಕೆಲವು ಸಾಲು ಓದಿ, ಅಲ್ಲಿ ಜಾಂಗೋದ 'ಎಕ್ಸ್‌ಟೆಂಡ್ಸ್', 'ಬ್ಲಾಕ್', 'ಲೋಡ್' ಇಂಥದ್ದು ಸಿಕ್ಕರೆ ಜಾಂಗೋ ಅನ್ನುತ್ತದೆ. ಜಾಣತನವೇ. ಆದರೆ ಪುಟದ ತುಂಡುಗಳನ್ನು ಇಡುವ ಸಣ್ಣ ಫೈಲುಗಳಲ್ಲಿ ಇವು ಮೊದಲಿಗೆ ಬರುವುದೇ ಇಲ್ಲ. ಹಾಗಾಗಿ ಒಂದೇ ಫೋಲ್ಡರ್‌ನಲ್ಲಿ ಅರ್ಧ ಫೈಲು ಹೀಗೆ, ಅರ್ಧ ಹಾಗೆ.

ಹೋಮ್ ಫೋಲ್ಡರ್‌ನ ಡಾಟ್ ವಿಮ್ ಒಳಗೆ ಎಫ್‌ಟಿಡಿಟೆಕ್ಟ್ ಅನ್ನುವ ಫೋಲ್ಡರ್ ಮಾಡಿ ಅಲ್ಲಿ ನಮ್ಮ ನಿಯಮ ಬರೆಯಬಹುದು. ಬರೆದೆ. ಎಲ್ಲೋ ನೋಡಿದ ಮಾದರಿಯಂತೆ 'ಸೆಟ್‌ಎಫ್' ಬಳಸಿದೆ. ಒಂದು ಸಂಜೆ ಪೂರ್ತಿ ಅದರ ಜೊತೆ ಗುದ್ದಾಡಿದೆ. ಸೆಟ್‌ಎಫ್ ಅನ್ನುವುದು ಬಹಳ ಮರ್ಯಾದಸ್ಥ. ತನಗಿಂತ ಮುಂಚೆ ಯಾರಾದರೂ ಭಾಷೆ ಗೊತ್ತುಮಾಡಿದ್ದರೆ ತುಟಿ ಬಿಚ್ಚುವುದಿಲ್ಲ. ವಿಮ್‌ನ ಒಳಗಿನ ನಿಯಮ ಆಗಲೇ 'ಎಚ್‌ಟಿಎಂಎಲ್' ಅಂದುಬಿಟ್ಟಿರುತ್ತದೆ, ನಮ್ಮ ಸಾಲು ಆಮೇಲೆ ಓಡುತ್ತದೆ. ಅಲ್ಲಿ 'ಸೆಟ್ ಫೈಲ್‌ಟೈಪ್' ಅಂತ ಪೂರ್ತಿ ಬರೆದು ದಬಾಯಿಸಬೇಕು. ಇದನ್ನು ಹಿಡಿದುಕೊಟ್ಟದ್ದು 'ವರ್ಬೋಸ್ ಸೆಟ್ ಎಫ್‌ಟಿ' ಬರೆದು ಮುಂದೆ ಪ್ರಶ್ನೆಚಿಹ್ನೆ ಹಾಕುವ ಆಜ್ಞೆ. ಈಗಿರುವ ಗುರುತನ್ನು ಕೊನೆಯದಾಗಿ ಹಾಕಿದವರು ಯಾರು, ಯಾವ ಫೈಲಿನಿಂದ ಅಂತ ಅದು ಹೇಳುತ್ತದೆ. ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ, ಈ ಆಜ್ಞೆ ಬರೆದಿಟ್ಟುಕೊಳ್ಳಿ. ವಿಮ್‌ನ ಕವಲಾದ ನಿಯೋವಿಮ್ ಬಳಸುವವರಿಗೆ 0.7ರಿಂದ ಲುವಾ ಭಾಷೆಯಲ್ಲೇ ನಿಯಮ ಸೇರಿಸುವ ಸೌಲಭ್ಯ ಇದೆ. ಹೆಸರು, ಬಾಲ, ವಿಳಾಸದ ಮಾದರಿ, ಮೂರಕ್ಕೂ ಬೇರೆ ಬೇರೆ ಖಾನೆ. ಓದಲು ಅದೇ ಚಂದ.

ಚಿಕ್ಕಪ್ಪನ ಕಥೆಗಳದ್ದು ಇನ್ನೂ ತಮಾಷೆ. ಅವರ ಕಥೆಗಳನ್ನು ಪುಸ್ತಕ ಮಾಡಲು, ಪುಟ ಜೋಡಿಸಿಕೊಡುವ ಝೀಲೇಟೆಕ್ ಹಿಡಿದೆ. ಕನ್ನಡ ಅಕ್ಷರ ಅದರಲ್ಲಿ ಚೆನ್ನಾಗಿ ಕೂರುತ್ತದೆ. ಒಂದು ಮುಖ್ಯ ಫೈಲು, ಹದಿನಾಲ್ಕು ಕಥೆಗೆ ಹದಿನಾಲ್ಕು ಫೈಲು. ವಿಮ್‌ನಲ್ಲಿ ತೆರೆದರೆ ಹನ್ನೆರಡು ಕಥೆ 'ಪ್ಲೇನ್‌ಟೆಕ್', ಎರಡು ಮಾತ್ರ 'ಟೆಕ್' (ವಿಮ್ ಲೇಟೆಕ್‌ಗೆ ಇಟ್ಟ ಹೆಸರು). ಪ್ಲೇನ್‌ಟೆಕ್ ಆದವುಗಳಲ್ಲಿ ನಾನು ಬರೆದಿಟ್ಟ ಒಂದು ಸ್ನಿಪೆಟ್ಟೂ ಓಡದು. ಆ ಎರಡು ಕಥೆಗಳಲ್ಲಿ ಏನು ವಿಶೇಷ? ಎರಡರಲ್ಲೂ ಅಜ್ಜಿ ಹಾಡುವ ಪದ ಇದೆ. ಪದ್ಯಕ್ಕಾಗಿ ನಾನು 'ಬಿಗಿನ್ ವರ್ಸ್' ಅಂತ ಹಾಕಿದ್ದೆ. ವಿಮ್ ಸಾವಿರ ಸಾಲಿನವರೆಗೆ ಓದಿ 'ಡಾಕ್ಯುಮೆಂಟ್‌ಕ್ಲಾಸ್', 'ಯೂಸ್‌ಪ್ಯಾಕೇಜ್', 'ಬಿಗಿನ್' ಇಂಥ ಪದ ಹುಡುಕುತ್ತದೆ. ಸಿಕ್ಕರೆ ಲೇಟೆಕ್. ಮಿಕ್ಕ ಹನ್ನೆರಡರಲ್ಲಿ ಮೇಲೊಂದು ಅಧ್ಯಾಯದ ಹೆಸರು, ಕೆಳಗೆ ಬರೀ ಕನ್ನಡ. ಪಾಪ, ಅದಾದರೂ ಹೇಗೆ ಹೇಳೀತು?

ಇಲ್ಲಿ ಪ್ರಾಜೆಕ್ಟ್, ಟೀಮು ಅಂತೆಲ್ಲ ತಲೆಕೆಡಿಸಿಕೊಳ್ಳಲಿಲ್ಲ. ಈ ಫೈಲು ತೆರೆಯುವವನು ನಾನೊಬ್ಬನೇ, ಚಿಕ್ಕಪ್ಪನಿಗೆ ಬೇಕಾದದ್ದು ಪಿಡಿಎಫ್. ವಿಮ್‌ಆರ್‌ಸಿಯಲ್ಲಿ (ನನ್ನ ವಿಮ್ ಸೆಟ್ಟಿಂಗ್ಸ್ ಫೈಲು) 'ಟೆಕ್ ಫ್ಲೇವರ್' ಅನ್ನುವುದಕ್ಕೆ 'ಲೇಟೆಕ್' ಅಂತ ಒಂದು ಸಾಲು ಹಾಕಿದೆ. ಹದಿನಾಲ್ಕೂ ಸರಿಯಾದವು. ವಿಮ್‌ನಲ್ಲಿ ಇಂಥ ಕೀಲಿಗಳು ಇನ್ನೂ ಇವೆ. ಡಾಟ್ ಪಿಎಲ್ ಅಂದರೆ ಪರ್ಲಾ ಪ್ರೊಲಾಗಾ, ಡಾಟ್ ಎಂ ಅಂದರೆ ಮ್ಯಾಟ್‌ಲ್ಯಾಬಾ ಆಕ್ಟೇವಾ ಅಂತ ನಾವೇ ಹೇಳಿಬಿಡಬಹುದು.

ಇನ್ನು ಫೈಲಿನ ಹೊಟ್ಟೆಯೊಳಗೇ ಚೀಟಿ ಇಡುವ ದಾರಿ, ಮೋಡ್‌ಲೈನ್. ಒಂದು ಕಾಮೆಂಟಿನಲ್ಲಿ 'ವಿಮ್, ಇದು ಇಂಥ ಭಾಷೆ' ಅಂತ ಬರೆಯುವುದು. ಫೈಲು ಎಲ್ಲಿಗೆ ಹೋದರೂ ಚೀಟಿ ಜೊತೆಗೇ ಹೋಗುತ್ತದೆ. ಈಮ್ಯಾಕ್ಸ್ ಎಡಿಟರ್‌ಗೂ ಇಂಥದ್ದೇ ಇದೆ, ಮೊದಲ ಸಾಲಿನಲ್ಲಿ ಅಡ್ಡಗೆರೆ-ಸ್ಟಾರ್-ಅಡ್ಡಗೆರೆಗಳ ನಡುವೆ ಬರೆಯುತ್ತಾರೆ. ಕೋಡ್ ಇಡುವ ತಾಣ ಗಿಟ್‌ಹಬ್ ಕೂಡ ಎರಡನ್ನೂ ಓದುತ್ತದೆ. ವಿಎಸ್ ಕೋಡ್ ತಾನಾಗಿ ಓದುವುದಿಲ್ಲ, ಎಕ್ಸ್‌ಟೆನ್ಷನ್ ಬೇಕು.

ಇದನ್ನು ಎಂಜಿನ್‌ಎಕ್ಸ್ ಫೈಲಿಗೆ ಹಾಕಿದೆ. ಆ ಫೈಲಿಗೆ ಬಾಲವೇ ಇಲ್ಲ, ಬರೀ ಸೈಟಿನ ಹೆಸರು. ಇಟಿಸಿ ಕೆಳಗಿನ ಎಂಜಿನ್‌ಎಕ್ಸ್ ಫೋಲ್ಡರ್‌ನಲ್ಲಿದೆ ಅನ್ನುವ ಕಾರಣಕ್ಕೇ ವಿಮ್ ಅದನ್ನು ಗುರುತಿಸುತ್ತಿತ್ತು. ಆದರೆ ನಾನು ತೆರೆಯುವುದು, ಸಿಸ್ಟಂ ಫೈಲು ತಿದ್ದಲು ಬಿಡುವ ಸುಡೋಎಡಿಟ್‌ನಲ್ಲಿ. ಅದು ಫೈಲಿನ ನಕಲನ್ನು ತಾತ್ಕಾಲಿಕ ಫೋಲ್ಡರ್‌ನಲ್ಲಿಟ್ಟು ಎಡಿಟರ್‌ಗೆ ಕೊಡುತ್ತದೆ. ವಿಳಾಸ ಬದಲಾಯಿತು, ಗುರುತು ಹೋಯಿತು. ಮೊದಲ ಐದು ಸಾಲಿನಲ್ಲಿ ಹ್ಯಾಶ್‌ನಿಂದ ಶುರುವಾಗುವ ಸಾಲು ಕಂಡ ವಿಮ್, 'ಯಾವುದೋ ಒಂದು ಕಾನ್ಫ್' (ಸೆಟ್ಟಿಂಗ್ಸ್ ಫೈಲು) ಅಂತ ಕೈತೊಳೆದುಕೊಂಡಿತು.

ಮೋಡ್‌ಲೈನ್ ಹಾಕಿದೆ. ಆಗಲೂ ಬರಲಿಲ್ಲ! ಡೆಬಿಯನ್ ಲಿನಕ್ಸ್‌ನ ವಿಮ್‌ನಲ್ಲಿ ಮೋಡ್‌ಲೈನ್ ಮೊದಲೇ ಆಫ್ ಆಗಿರುತ್ತದೆ. ಕಾರಣ ಇಲ್ಲದೆ ಇಲ್ಲ. 2019ರಲ್ಲೂ ಮೋಡ್‌ಲೈನ್ ಮೂಲಕ ಸುಮ್ನೆ ಫೈಲ್ ತೆರೆದವರ ಕಂಪ್ಯೂಟರ್‌ನಲ್ಲಿ ಆಜ್ಞೆ ಓಡಿಸಬಹುದಾದ ತೂತು ಸಿಕ್ಕಿತ್ತು. ಅದನ್ನು ಬೇಗ ಮುಚ್ಚಿದರು, ಆದರೂ ಭಯ ಭಯವೇ ಅಲ್ವಾ. ನನ್ನ ವಿಮ್‌ಆರ್‌ಸಿಯಲ್ಲಿ ಆನ್ ಮಾಡಿಕೊಂಡೆ, ಬಂತು. ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ ತೆರೆದವರಿಗೆ ವಿಮ್ ತಾನೇ ಇದನ್ನು ಆಫ್ ಇಡುತ್ತದೆ. ಹಾಗಾಗಿ ಸುಡೋ ವಿಮ್ (ರೂಟ್ ಆಗಿ ಓಡುವ ವಿಮ್) ಅಂದರೆ ವಿಳಾಸದ ನಿಯಮ ನಡೆಯುತ್ತದೆ, ಚೀಟಿ ನಡೆಯುವುದಿಲ್ಲ. ಸುಡೋಎಡಿಟ್ ಅಂದರೆ ಚೀಟಿ ನಡೆಯುತ್ತದೆ, ವಿಳಾಸ ನಡೆಯುವುದಿಲ್ಲ. ಇದನ್ನು ಸಹೋದ್ಯೋಗಿಗೆ ಹೇಳಿದಾಗ ಅವನು ನನ್ನ ಮುಖ ಒಂದು ಥರ ನೋಡಿದ.

ಟೆಂಪ್ಲೇಟಿಗೆ ಮೋಡ್‌ಲೈನ್ ಹಾಕುವವರಿಗೆ ಒಂದು ಕಿವಿಮಾತು. ಜಾಂಗೋ ಕಾಮೆಂಟಿಗೆ ಮುಚ್ಚುವ ಗುರುತು ಇದೆ. 'ಸೆಟ್' ಅನ್ನುವ ಪದ ಬಿಟ್ಟು ಚುಟುಕಾಗಿ ಬರೆದರೆ ವಿಮ್ ಆ ಮುಚ್ಚುವ ಗುರುತನ್ನೂ ಒಂದು ಆಪ್ಷನ್ ಅಂದುಕೊಂಡು 'ಗೊತ್ತಿಲ್ಲದ ಆಪ್ಷನ್' ಅಂತ ಬೈಯುತ್ತದೆ. ಸೆಟ್ ಅಂತ ಶುರುಮಾಡಿ ಕೊನೆಗೆ ಕೋಲನ್ ಹಾಕಿದರೆ ಅಲ್ಲಿಗೇ ನಿಲ್ಲುತ್ತದೆ.

ಶೆಲ್ ಸ್ಕ್ರಿಪ್ಟ್‌ಗೆ ಇಷ್ಟೆಲ್ಲ ಬೇಡ. ಮೊದಲ ಸಾಲಿನಲ್ಲಿ ಶಿಬ್ಯಾಂಗ್ (ಹ್ಯಾಶ್ ಮತ್ತು ಆಶ್ಚರ್ಯಚಿಹ್ನೆಯಿಂದ ಶುರುವಾಗಿ, ಇದನ್ನು ಓಡಿಸುವ ಪ್ರೋಗ್ರಾಂ ಯಾವುದು ಅಂತ ಹೇಳುವುದು) ಸರಿಯಾಗಿ ಬರೆಯಿರಿ. ಬಾಲ ಇಲ್ಲದಿದ್ದರೂ ವಿಮ್, ಈಮ್ಯಾಕ್ಸ್, ವಿಎಸ್ ಕೋಡ್ ಮೂರೂ ಅದನ್ನು ಓದುತ್ತವೆ. ಸ್ಕ್ರಿಪ್ಟನ್ನು ನೇರವಾಗಿ ಓಡಿಸಲು ಅದು ಹೇಗೂ ಇರಬೇಕಾದದ್ದೇ.

ಎಡಿಟರ್ ತಾನೇ ಊಹಿಸಲಿ ಅನ್ನುವವರೂ ಇದ್ದಾರೆ. ವಿಎಸ್ ಕೋಡ್‌ನಲ್ಲಿ 2021ರ 1.60ರಿಂದ, ಇನ್ನೂ ಹೆಸರಿಡದ ಫೈಲಿನಲ್ಲಿ ಬರೆದದ್ದನ್ನು ನೋಡಿ ಭಾಷೆ ಊಹಿಸುವ ವ್ಯವಸ್ಥೆ ಇದೆ. ಉದ್ದನೆಯ ಪೈಥಾನ್ ಅಂಟಿಸಿದರೆ ಸರಿಯಾಗಿ ಹೇಳುತ್ತದೆ. ಆದರೆ ನಾನು ಹೆಸರಿಡದ ಫೈಲ್ ತೆರೆಯುವುದು ಲಾಗ್ ಫೈಲಿನ ಹತ್ತು ಸಾಲು ಅಂಟಿಸಿ, ಕೆಳಗೆ ಕನ್ನಡದಲ್ಲಿ ಟಿಪ್ಪಣಿ ಗೀಚಲು. ಬರೆಯುತ್ತಾ ಹೋದಂತೆ ಮೂಲೆಯ ಹೆಸರು ಗೋಸುಂಬೆ ಥರ ಬದಲಾಗುತ್ತಿತ್ತು. ಆಫ್ ಮಾಡಿದೆ.

ಬೇರೆ ಬೇರೆ ಎಡಿಟರ್‌ಗಳಿಗೆ ಒಂದೇ ನಿಯಮ ಹೇಳುವ ಎಡಿಟರ್‌ಕಾನ್ಫಿಗ್ ಫೈಲಿನಲ್ಲಿ ಇದನ್ನು ಹೇಳಬಹುದಾ ಅಂತ ತುಂಬ ಜನ ಕೇಳುತ್ತಾರೆ. ಆಗುವುದಿಲ್ಲ. ಅದು ಇಂಡೆಂಟು, ಸಾಲಿನ ಕೊನೆ, ಅಕ್ಷರದ ಎನ್‌ಕೋಡಿಂಗ್ ಇಂಥವನ್ನೇ ನೋಡುವುದು. ಗಿಟ್‌ನ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಭಾಷೆ ಹೇಳಿದರೆ ಗಿಟ್‌ಹಬ್ ಪುಟದಲ್ಲಿ ಭಾಷೆಗಳನ್ನು ತೋರಿಸುವ ಬಣ್ಣದ ಪಟ್ಟಿ ಸರಿಹೋಗುತ್ತದೆ, ನಿಮ್ಮ ಎಡಿಟರ್ ಹಾಗೇ ಇರುತ್ತದೆ.

ಈಗ ನನ್ನ ಲೆಕ್ಕ ಹೀಗಿದೆ. ಟೆಂಪ್ಲೇಟಿಗೆ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಕಥೆಗಳಿಗೆ ವಿಮ್‌ಆರ್‌ಸಿ, ಸರ್ವರ್ ಫೈಲಿಗೆ ಮೋಡ್‌ಲೈನ್. ಮೂಲೆ ಒತ್ತಿ ಎಲ್ಲ ಫೈಲಿಗೂ ಅನ್ವಯಿಸುವ ಆ ಪಟ್ಟಿಯ ಸಾಲಿಗೆ ಮಾತ್ರ ಕೈ ಹಾಕುವುದಿಲ್ಲ.

ಮೋಡ್‌ಲೈನ್‌ಗೆ ಇನ್ನೊಂದು ಶತ್ರು ಇದೆ, ಮನುಷ್ಯರು. ಹೊಸದಾಗಿ ಸೇರಿದ ಹುಡುಗಿ ಎಂಜಿನ್‌ಎಕ್ಸ್ ಫೈಲ್ ಶುಚಿ ಮಾಡುತ್ತಾ, "ಅಣ್ಣಾ, ಕೊನೆಗೆ ಯಾವುದೋ ಕಸದ ಸಾಲಿತ್ತು, ತೆಗೆದೆ" ಅಂದಳು. ಮತ್ತೆ ಹಾಕಿ, ಇದು ಯಾಕಿದೆ, ಯಾಕೆ ಅಳಿಸಬಾರದು ಅಂತ ಅದರ ಕೆಳಗೆ ನೀಟಾಗಿ ಕಾಮೆಂಟು ಬರೆದೆ. ಆರು ಸಾಲಾಯಿತು. ಮಾರನೇ ದಿನ ಫೈಲ್ ತೆರೆದರೆ ಬಣ್ಣ ಇಲ್ಲ. ವಿಮ್ ಮೋಡ್‌ಲೈನ್ ಹುಡುಕುವುದು ಮೊದಲ ಐದು ಮತ್ತು ಕೊನೆಯ ಐದು ಸಾಲುಗಳಲ್ಲಿ ಮಾತ್ರ.