ಕೆನಡಾದ ಮಿಸಿಸಾಗ, ಬ್ರ್ಯಾಂಪ್ಟನ್ ಕಡೆಯವರೇ, ಆ ವೈನ್ ಕಿಟ್‌ಗೆ ದುಡ್ಡು ಕಳಿಸುವ ಮೊದಲು ಇದನ್ನು ಓದಿ

"ಮನೆಯಲ್ಲೇ ವೈನ್ ಮಾಡುವ ಕಿಟ್, ಹೊಸದು, ಸೀಲ್ ಒಡೆದಿಲ್ಲ, ಜೊತೆಗೆ ಬೇಕಾದ ಎಲ್ಲಾ ಸಾಮಾನು" ಅಂತ ಒಂದು ಜಾಹೀರಾತು ನಮ್ಮ ಕಡೆ ಓಡಾಡುತ್ತಿದೆ. ಬಿಳಿ ಬಕೆಟ್, ಕಾರ್ಬಾಯ್ ಅನ್ನುವ ದೊಡ್ಡ ಗಾಜಿನ ಜಾಡಿ, ಪಕ್ಕದಲ್ಲಿ ಪಿನೋ ಗ್ರಿಜಿಯೋ (ಒಂದು ಬಗೆಯ ಬಿಳಿ ವೈನ್) ಅಂತ ಬರೆದ ರಟ್ಟಿನ ಡಬ್ಬ ಇರುವ ಫೋಟೋ. ಅದನ್ನು ನಾನು ಕೊಂಡೆ. ನೀವು ಕೊಳ್ಳಬೇಡಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಎರಡು ಸಲ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇಲ್ಲಿ ಇರುವವರಿಗೆ ಕಿಟ್ ಅಂದರೆ ಏನು ಅಂತ ಗೊತ್ತೇ ಇದೆ. ಗಟ್ಟಿ ದ್ರಾಕ್ಷಿ ರಸದ ದೊಡ್ಡ ಚೀಲ, ಒಂದು ಯೀಸ್ಟ್ ಪೊಟ್ಟಣ, ನಾಲ್ಕೈದು ಪುಡಿ. ನೀರು ಸೇರಿಸಿ 23 ಲೀಟರ್ ಮಾಡಿದರೆ ಸುಮಾರು 30 ಬಾಟಲಿ ಆಗುತ್ತದೆ. ಎಲ್‌ಸಿಬಿಒಗೆ (ಇಲ್ಲಿನ ಸರ್ಕಾರಿ ಮದ್ಯದಂಗಡಿ) ಹೋಗಿ ಒಂದೊಂದು ಬಾಟಲಿಗೆ ಕೊಡುವ ದುಡ್ಡು ನೆನಪಾದರೆ ಯಾರಿಗಾದರೂ ಆಸೆ ಆಗುತ್ತದೆ ಅಲ್ವಾ? ಊರಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಕ್ರಿಸ್‌ಮಸ್ ಬಂತು ಅಂದರೆ ಬೆಂಗಳೂರು ನೀಲಿ ದ್ರಾಕ್ಷಿ, ಸಕ್ಕರೆ ಹಾಕಿ ಭರಣಿಯಲ್ಲಿ ವೈನ್ ಮಾಡುತ್ತಿದ್ದರು, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಿದ್ದರು. ಅದನ್ನು ನೋಡಿಕೊಂಡೇ ಬೆಳೆದವನು ನಾನು. ಕಿಟ್ ಇನ್ನೂ ಸುಲಭ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಒಳ್ಳೆಯ ಕಿಟ್ ಸಿಕ್ಕರೆ.

ಮಾರಿದ ಮಹಾಶಯರು ಕನ್ನಡದವರು. ಹೊಟ್ಟೆ ಉರಿಯುವುದೇ ಅದಕ್ಕೆ. ಇಂಗ್ಲಿಷ್‌ನಲ್ಲಿ ಶುರುವಾದ ಮೆಸೇಜು ನನ್ನ ಹೆಸರು ನೋಡಿದ ತಕ್ಷಣ ಕನ್ನಡಕ್ಕೆ ತಿರುಗಿತು. "ಸರ್ ನೀವು ಬೆಂಗಳೂರಾ? ನಾವೂ ಆ ಕಡೆಯವರೇ." ಆಮೇಲೆ ಎಲ್ಲಾ ಸರಾಗ. ಹಳೇದಾ ಅಂತ ಕೇಳಿದೆ, "ಇಲ್ಲ ಸರ್, ಹೋದ ವರ್ಷ ತಗೊಂಡಿದ್ದು, ಮಾಡೋಕೆ ಟೈಮೇ ಆಗ್ಲಿಲ್ಲ" ಅಂದರು. ನಮ್ಮ ಮನೆಯವಳು ಶುದ್ಧ ಸಸ್ಯಾಹಾರಿ, ಹಾಗಾಗಿ ಅದನ್ನೂ ಕೇಳಿದೆ. "ಪ್ಯೂರ್ ವೆಜ್ ಸರ್, ದ್ರಾಕ್ಷಿ ರಸ ಅಷ್ಟೇ." ಚೌಕಾಸಿ ಮಾಡಿದರೆ ಇನ್ನೊಬ್ಬರು ಸಂಜೆ ಬರ್ತಾರೆ ಅನ್ನುವ ಮಾಮೂಲಿ ಮಾತು. ಕೊನೆಗೆ 150 ಡಾಲರ್. "ಕ್ಯಾಶ್ ಯಾಕೆ ಸರ್, ಇ-ಟ್ರಾನ್ಸ್‌ಫರ್ ಮಾಡಿಬಿಡಿ, ಗ್ಯಾರೇಜ್ ಹೊರಗೆ ಇಟ್ಟಿರ್ತೀನಿ." ಇಟ್ಟಿದ್ದರು. ಮನುಷ್ಯ ಮಾತ್ರ ಹೊರಗೆ ಬರಲಿಲ್ಲ. ಆಫೀಸ್ ಕಾಲ್‌ನಲ್ಲಿದ್ದರಂತೆ.

ಮನೆಗೆ ತಂದು ಬೇಸ್‌ಮೆಂಟ್‌ನಲ್ಲಿ ಎಲ್ಲಾ ಹರಡಿದೆ. ಬಕೆಟ್ ಮುಚ್ಚಳ ತೆಗೆದರೆ ಮಾವಿನಕಾಯಿ ಉಪ್ಪಿನಕಾಯಿ ವಾಸನೆ! ವೈನ್ ಬಕೆಟ್‌ನಲ್ಲಿ! ಒಳಗೆಲ್ಲಾ ಗೀರು ಬೇರೆ. ಪ್ಲಾಸ್ಟಿಕ್ ಒಮ್ಮೆ ವಾಸನೆ ಹಿಡಿದರೆ ಬಿಡುವುದಿಲ್ಲ, ಗೀರಿನೊಳಗೆ ಕ್ರಿಮಿ ಕೂತರೆ ಸಲ್ಫೈಟ್ ನೀರು ಹಾಕಿ ತೊಳೆದರೂ ನಂಬುವ ಹಾಗಿಲ್ಲ. ಹೋಗಲಿ ಬಕೆಟ್ ಬೇರೆ ತಗೊಳ್ಳೋಣ ಅಂದುಕೊಂಡು ಡಬ್ಬ ಒಡೆದೆ. ಟೇಪು ಎರಡು ಪದರ ಇತ್ತು. ಫ್ಯಾಕ್ಟರಿಯವರು ಗಟ್ಟಿಯಾಗಿ ಅಂಟಿಸುತ್ತಾರೆ ಅಂತ ನಾನು!

ಪುಡಿ ಪೊಟ್ಟಣಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸುತ್ತಿದ್ದೆ. ಬೆಂಟೋನೈಟ್, ಮೆಟಾಬೈಸಲ್ಫೈಟ್, ಸಾರ್ಬೇಟ್, ಅಂದರೆ ವೈನ್ ತಿಳಿ ಮಾಡುವ, ಕೆಡದ ಹಾಗೆ ನೋಡಿಕೊಳ್ಳುವ ಪುಡಿಗಳು, ಎಲ್ಲಾ ಇದೆ. ಯೀಸ್ಟೂ ಇದೆ. ಅಷ್ಟರಲ್ಲಿ ನಮ್ಮ ಮನೆಯವಳು ಬಟ್ಟೆ ಒಗೆಯಲು ಕೆಳಗೆ ಬಂದವಳು ಪೊಟ್ಟಣ ಕೈಗೆತ್ತಿಕೊಂಡಳು. "ರೀ, ಇದು ನಾನ್ ರೊಟ್ಟಿಗೆ ಹಾಕೋ ಯೀಸ್ಟ್ ಅಲ್ವಾ?"

ಹೌದು. ಬ್ರೆಡ್ ಯೀಸ್ಟು. ನಮ್ಮ ಅಡುಗೆಮನೆ ಡಬ್ಬದಲ್ಲಿ ಇರುವ ಅದೇ ಕಂಪನಿಯದು, ಅದೇ ಪೊಟ್ಟಣ. ಅವಳು ಮೇಲಿಂದ ಇನ್ನೊಂದು ತಂದು ಪಕ್ಕದಲ್ಲಿಟ್ಟು ತೋರಿಸಿದಳು, ಪುಣ್ಯಾತ್ಗಿತ್ತಿ. ಕಿಟ್‌ನಲ್ಲಿ ಬರಬೇಕಾದ್ದು ವೈನ್ ಯೀಸ್ಟಿನ 5 ಗ್ರಾಂ ಪೊಟ್ಟಣ. ಅಂದರೆ ಯಾರೋ ಡಬ್ಬ ಬಿಚ್ಚಿ, ಅದನ್ನು ತೆಗೆದು, ಇದನ್ನು ಹಾಕಿ, ಮತ್ತೆ ಟೇಪು ಹಾಕಿದ್ದಾರೆ. ಸೀಲ್ ಒಡೆದಿಲ್ಲವಂತೆ! ಆಗಲೇ ಅಲ್ಲೇ ನನಗೆ ಕಿವಿ ಬಿಸಿ ಆಯಿತು. ಅವಳು ನಗು ತಡೆದುಕೊಳ್ಳುತ್ತಿದ್ದಳು, ಅದು ಇನ್ನೂ ಉರಿ.

ತಕ್ಷಣ ಎರಡು ಪೊಟ್ಟಣದ ಫೋಟೋ ತೆಗೆದು ಕಳಿಸಿದೆ. ಉತ್ತರ ಬರೋಕೆ ಅರ್ಧ ದಿನ. ಬಂದ ಉತ್ತರ ಇದು: "ಯೀಸ್ಟ್ ಯೀಸ್ಟೇ ಸರ್. ಅದೂ ಉಬ್ಬಿಸುತ್ತೆ, ಇದೂ ಉಬ್ಬಿಸುತ್ತೆ."

ಬ್ರೆಡ್ ಯೀಸ್ಟ್ ಹಾಕಿದರೆ ಏನೂ ಹುದುಗುವುದೇ ಇಲ್ಲ ಅಂತಲ್ಲ. ಹುದುಗುತ್ತದೆ. ಆದರೆ ಆಲ್ಕೋಹಾಲ್ ಜಾಸ್ತಿ ಆಗುತ್ತಿದ್ದ ಹಾಗೆ ಕೈ ಕೊಡುವ ಸಾಧ್ಯತೆ ಹೆಚ್ಚು, ತಳದಲ್ಲಿ ಗಟ್ಟಿಯಾಗಿ ಕೂರುವುದೂ ಇಲ್ಲ, ರುಚಿಯೂ ಹಿಟ್ಟು ಹಿಟ್ಟು. ಅದಕ್ಕೇ ಕಿಟ್ ಮಾಡುವವರು ಬೇರೆ ಯೀಸ್ಟ್ ಕೊಡುವುದು. ಇದನ್ನೆಲ್ಲಾ ಬರೆದು ಕಳಿಸಿದೆ. ಹೆಬ್ಬೆರಳು ಎತ್ತಿ ತೋರಿಸಿದರು. ಅಷ್ಟೇ ಉತ್ತರ.

ಮನೆ ಹತ್ತಿರ ವೈನ್ ಸಾಮಾನು ಮಾರುವ ಅಂಗಡಿಗೆ ಹೋಗಿ ಸರಿಯಾದ ಯೀಸ್ಟು, ಹೊಸ ಬಕೆಟ್ ತಂದೆ. ಮತ್ತೆ ಖರ್ಚು. ಆಮೇಲೆ ರಸದ ಚೀಲ ಎತ್ತಿದೆ ನೋಡಿ, ದಿಂಬಿನ ಹಾಗೆ ಉಬ್ಬಿತ್ತು. ಮುಚ್ಚಳ ಬಿಚ್ಚಿದರೆ ಬುಸ್ ಅಂತ ಗಾಳಿ. ಬಿಳಿ ವೈನಿನ ರಸ ತಿಳಿ ಹೊಂಬಣ್ಣ ಇರಬೇಕು, ಇದು ಡಿಕಾಕ್ಷನ್ ಬಣ್ಣ. ಬಿಡಬಾರದು ಅಂತ 23 ಲೀಟರ್ ಮಾಡಿ ಹೈಡ್ರೋಮೀಟರ್ ಇಳಿಸಿದೆ, ರಸದಲ್ಲಿ ಸಕ್ಕರೆ ಎಷ್ಟಿದೆ ಅಂತ ತೋರಿಸುವ ಗಾಜಿನ ಕೊಳವೆ ಅದು, ಅಂಕಿ ಕಡಿಮೆ ಅಂದರೆ ಸಕ್ಕರೆ ಕಡಿಮೆ. ಈ ತರಹದ ಕಿಟ್ ಸುಮಾರು 1.080 ತೋರಿಸಬೇಕು. ತೋರಿಸಿದ್ದು 1.058. ಕದಡಿದ್ದು ಸಾಲಲಿಲ್ಲವೇನೋ ಅಂತ ಚೆನ್ನಾಗಿ ಕದಡಿ ಮತ್ತೆ ನೋಡಿದೆ, ಅಷ್ಟೇ. ಅಂದರೆ ಚೀಲದ ಒಳಗೇ ಯಾವುದೋ ಕಾಡು ಯೀಸ್ಟು ಒಂದಿಷ್ಟು ಸಕ್ಕರೆ ತಿಂದಿರಬೇಕು. ಅದಕ್ಕೇ ಆ ಉಬ್ಬು.

ಇಷ್ಟಾದ ಮೇಲೆ ಡಬ್ಬವನ್ನು ಲೈಟಿನ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ತಾರೀಖು ಇರುವ ಕಡೆ ನೀಟಾಗಿ ಒಂದು ಬೆಲೆ ಚೀಟಿ. ಉಗುರಿನಲ್ಲಿ ಕೆರೆದೆ. 2019! ಹೋದ ವರ್ಷ ತಗೊಂಡಿದ್ದಂತೆ! ಈ ರಸದ ಚೀಲಗಳು ಒಂದೂವರೆ ಎರಡು ವರ್ಷದ ಒಳಗೆ ಬಳಸಬೇಕಾದವು. ಚೀಟಿ ಅಂಟಿಸಿದವರಿಗೆ ಅದು ಚೆನ್ನಾಗಿ ಗೊತ್ತಿತ್ತು, ಇಲ್ಲದಿದ್ದರೆ ಸರಿಯಾಗಿ ಅಲ್ಲೇ ಯಾಕೆ ಅಂಟಿಸುತ್ತಾರೆ?

ಆ ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರವನ್ನು ಒಂದಕ್ಷರ ಬದಲಿಸದೆ ಹಾಕುತ್ತಿದ್ದೇನೆ. "ಸರ್ ವೈನ್ ಹಳೇದಾದಷ್ಟೂ ಒಳ್ಳೇದು. ನಿಮಗೆ ಗೊತ್ತಿಲ್ಲ ಅನ್ಸುತ್ತೆ."

ನನಗೆ ಗೊತ್ತಿಲ್ಲ! ಸ್ವಾಮಿ, ಹಳೇದಾಗಿ ರುಚಿ ಕಟ್ಟುವುದು ವೈನು, ಅದೂ ಎಲ್ಲಾ ವೈನಲ್ಲ. ಇದು ಇನ್ನೂ ವೈನೇ ಆಗದ ರಸ. ವರ್ಷಗಟ್ಟಲೆ ಗ್ಯಾರೇಜಿನ ಸೆಕೆಯಲ್ಲಿ ಇಟ್ಟರೆ ಕಪ್ಪಾಗುತ್ತದೆ, ಕೆಡುತ್ತದೆ. ಇದನ್ನು ಟೈಪ್ ಮಾಡಿ ಕಳಿಸಿದೆ, ದುಡ್ಡು ವಾಪಸ್ ಕೊಡಿ ಅಂದೆ. "ನೀವು ಆಗಲೇ ಡಬ್ಬ ಓಪನ್ ಮಾಡಿದ್ದೀರಲ್ಲ ಸರ್, ಇನ್ನು ಹೇಗೆ ವಾಪಸ್ ತಗೊಳ್ಳೋದು?" ಡಬ್ಬ ಓಪನ್ ಮಾಡದೆ ಒಳಗೆ ನಾನ್ ಯೀಸ್ಟ್ ಇದೆ ಅಂತ ನನಗೆ ಕನಸು ಬೀಳಬೇಕಿತ್ತಾ? ಅರ್ಧ ದುಡ್ಡಾದರೂ ಕೊಡಿ ಅಂದರೆ, "ಒಂದೇ ಊರಿನವರು, ಇಷ್ಟಕ್ಕೆಲ್ಲ ಜಗಳ ಆಡ್ಬಾರ್ದು ಸರ್." ಟೋಪಿ ಹಾಕುವಾಗ ಊರು ನೆನಪಿರಲಿಲ್ಲವೇ? ಬ್ಯಾಂಕಿಗೆ ಫೋನ್ ಮಾಡಿದೆ. ಇ-ಟ್ರಾನ್ಸ್‌ಫರ್ ಅವರ ಖಾತೆಗೆ ಬಿದ್ದ ಮೇಲೆ ವಾಪಸ್ ತರಿಸುವ ಹಾಗಿಲ್ಲ ಅಂದರು.

ಆ "ಪ್ಯೂರ್ ವೆಜ್" ಕಥೆಯನ್ನೂ ಕೇಳಿ. ವೈನ್ ತಿಳಿಯಾಗಲು ಹಾಕುವ ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಕೈಟೋಸಾನ್ ಅಂತ ಇತ್ತು. ಅದು ಸಿಗಡಿ, ಏಡಿ ಚಿಪ್ಪಿನಿಂದ ಮಾಡುವ ವಸ್ತು. ಕೆಲವು ಕಿಟ್‌ನಲ್ಲಿ ಐಸಿಂಗ್ಲಾಸ್ ಇರುತ್ತದೆ, ಅದು ಮೀನಿನ ಗಾಳಿಚೀಲದ್ದು. ತಳಕ್ಕೆ ಇಳಿದು ಹೋಗುತ್ತದೆ, ಪರವಾಗಿಲ್ಲ ಅನ್ನುವವರು ಇದ್ದಾರೆ, ಅದು ಅವರವರ ಇಷ್ಟ. ಆದರೆ ನಾನು ಬಾಯಿಬಿಟ್ಟು ಕೇಳಿದ್ದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ಇದಕ್ಕೆ ಉತ್ತರವೇ ಬರಲಿಲ್ಲ, ನನ್ನನ್ನು ಬ್ಲಾಕ್ ಮಾಡಿದ್ದಾರೆ.

ಹೊಸ ಯೀಸ್ಟ್ ಹಾಕಿ ಮುಂದುವರಿಸಿದೆ, ಹಠಕ್ಕೆ. ಸ್ವಲ್ಪ ದಿನ ಏರ್‌ಲಾಕ್‌ನಲ್ಲಿ (ಒಳಗಿನ ಗಾಳಿ ಹೊರಗೆ ಬಿಟ್ಟು, ಹೊರಗಿನದನ್ನು ಒಳಗೆ ಬಿಡದ ಮುಚ್ಚಳ) ಗುಳ್ಳೆ ಬಂತು, ನಿಂತಿತು. ರುಚಿ ನೋಡಿದರೆ ನೆನೆದ ರಟ್ಟು, ಮೇಲೆ ಒಣದ್ರಾಕ್ಷಿ ಘಾಟು, ಕೊನೆಗೆ ವಿನೆಗರ್ ಹುಳಿ. ಅಂಗಡಿಯವನಿಗೆ ಒಂದು ಲೋಟ ತೋರಿಸಿದೆ, ಬಾಯಿಗೂ ಇಡಲಿಲ್ಲ, ಬಣ್ಣ ನೋಡಿಯೇ "ಚೆಲ್ಲಿಬಿಡು" ಅಂದ. ಚೆಲ್ಲಿದೆ. ಇಷ್ಟರ ಮಧ್ಯೆ ನಾನು ಸ್ನೇಹಿತರಿಗೆಲ್ಲ ಹೊಸ ವರ್ಷಕ್ಕೆ ಒಂದೊಂದು ಬಾಟಲಿ ಅಂತ ಹೇಳಿ ಆಗಿತ್ತು, ಮಗಳ ಚಿತ್ರ ಹಾಕಿ ಲೇಬಲ್ ಬೇರೆ ಪ್ರಿಂಟ್ ಮಾಡಿಸಿದ್ದೆ. ಈಗ ಎಲ್ಲಿಗೆ ಹೋದರೂ "ವೈನ್ ಎಲ್ಲಪ್ಪಾ?" ಅನ್ನುವ ಪ್ರಶ್ನೆ. ಒಬ್ಬನಂತೂ ನನ್ನನ್ನು ನಾನ್ ವೈನ್ ಅಂತಲೇ ಕರೆಯುತ್ತಾನೆ.

ಕಿಟ್ ಬೇಕಿದ್ದರೆ ಅಂಗಡಿಯಲ್ಲೇ ತಗೊಳ್ಳಿ, ನಾಲ್ಕು ಕಾಸು ಜಾಸ್ತಿ ಆಗಲಿ. ಕೈಯಿಂದ ಕೈಗೆ ಕೊಳ್ಳುವುದೇ ಆದರೆ ತಾರೀಖು ಕಾಣುವ ಫೋಟೋ ಕೇಳಿ, ಅವರ ಎದುರಲ್ಲೇ ಡಬ್ಬ ಬಿಚ್ಚಿಸಿ, ಚೀಲ ಒತ್ತಿ ನೋಡಿ, ಯೀಸ್ಟ್ ಪೊಟ್ಟಣ ಓದಿ, ಆಮೇಲೆ ಕ್ಯಾಶ್ ಕೊಡಿ. ಕನ್ನಡ ಮಾತಾಡಿದರು ಅಂತ ಡಿಸ್ಕೌಂಟೂ ಕೊಡಬೇಡಿ, ನಂಬಿಕೆಯೂ ಕೊಡಬೇಡಿ.

ಜಾಹೀರಾತು ಈಗ ಮತ್ತೆ ಬಂದಿದೆ, ಗೆಳೆಯನ ಫೋನಿನಲ್ಲಿ ನೋಡಿದೆ. ಈ ಸಲ ಮೆರ್ಲೋ ಅನ್ನುವ ಕೆಂಪು ವೈನಿನ ಡಬ್ಬ, ಬೆಲೆ 160. ಫೋಟೋದಲ್ಲಿ ಬೆಲೆ ಚೀಟಿ ಅದೇ ಮೂಲೆಯಲ್ಲಿದೆ.