ಹೃದ್ರೋಗಿಗಳ ಹತಾಶೆ ಅಳೆಯಲು ಬೆಕ್ ಮಾಪನವೋ, ಡನ್ ಮಾಪನವೋ?

ಮೈಸೂರು, ಮಂಡ್ಯದ ಆಸ್ಪತ್ರೆಗಳಲ್ಲಿ ಹೃದ್ರೋಗಿಗಳ ಹತಾಶೆಯನ್ನು ಅಧ್ಯಯನ ಮಾಡಲು ಹೊರಟ ನರ್ಸಿಂಗ್ ವಿದ್ಯಾರ್ಥಿಗಳು ಮೊದಲು ಪ್ರಶ್ನಾವಳಿಯನ್ನು ಆರಿಸಿಕೊಳ್ಳಬೇಕಾಗುತ್ತದೆ. ಅಮೆರಿಕದ ಮನೋವೈದ್ಯ ಏರನ್ ಬೆಕ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಮಾಪನದಲ್ಲಿ ‘ಸರಿ’ ಅಥವಾ ‘ತಪ್ಪು’ ಎಂದು ಉತ್ತರಿಸುವ 20 ಹೇಳಿಕೆಗಳಿವೆ. ಇದು ಮನೋವೈದ್ಯಕೀಯದಲ್ಲಿ ಬೆಳೆದದ್ದು. ಆತ್ಮಹತ್ಯೆಯ ಅಪಾಯವನ್ನು ಗುರುತಿಸುವುದೇ ಅದರ ಬಲ.

ನರ್ಸಿಂಗ್ ಸಂಶೋಧಕಿ ಸೂಸನ್ ಡನ್ ಮತ್ತು ಸಂಗಡಿಗರ ಮಾಪನವಾದರೋ ಹೃದ್ರೋಗಿಗಳಲ್ಲೇ ಪರೀಕ್ಷೆಗೊಳಪಟ್ಟು 2014ರಲ್ಲಿ ಪ್ರಕಟವಾಯಿತು. ಅದರ 23 ಹೇಳಿಕೆಗಳಲ್ಲಿ 10 ಈಗಿನ ಮನಃಸ್ಥಿತಿಯನ್ನೂ 13 ವ್ಯಕ್ತಿಯ ಎಂದಿನ ಸ್ವಭಾವವನ್ನೂ ಕೇಳುತ್ತವೆ. ಪ್ರತಿಯೊಂದಕ್ಕೂ ನಾಲ್ಕು ಹಂತದ ಉತ್ತರವಿದೆ. ಸ್ಟೆಂಟ್ ಹಾಕಿಸಿಕೊಂಡ ವಾರದಲ್ಲಿ ಕುಗ್ಗಿದವರನ್ನೂ, ಮೊದಲಿನಿಂದಲೂ ನಾಳೆಯನ್ನು ನಂಬದೆ ಬದುಕಿದವರನ್ನೂ ಬೇರೆ ಬೇರೆಯಾಗಿ ನೋಡಲು ಈ ವಿಂಗಡಣೆ ಅನುವು ಮಾಡಿಕೊಡುತ್ತದೆ. ಬೆಕ್ ಮಾಪನದ ಒಂದೇ ಅಂಕದಿಂದ ಅದು ತಿಳಿಯದು.

ಮದ್ದೂರಿನ ಕಡೆಯ ಕಬ್ಬು ಬೆಳೆಗಾರರೊಬ್ಬರನ್ನು ಮುಂದಿನ ದಿನಗಳ ಬಗ್ಗೆ ಕೇಳಿದರೆ, “ದ್ಯಾವ್ರು ಮಡಗ್ದಂಗಾಯ್ತದೆ ಕಣವ್ವ” ಎಂದಾರು. ಇದು ಹತಾಶೆಯೋ, ಬರೀ ಮಾತಿನ ವಾಡಿಕೆಯೋ? ‘ಸರಿ’, ‘ತಪ್ಪು’ಗಳಲ್ಲಿ ಇಂಥ ಉತ್ತರಕ್ಕೆ ಜಾಗವಿಲ್ಲ; ನಾಲ್ಕು ಹಂತಗಳಲ್ಲಿ ಸ್ವಲ್ಪವಾದರೂ ಇದೆ.

ಹೀಗಾಗಿ ಹೃದ್ರೋಗದ ಅಧ್ಯಯನಕ್ಕೆ ನನ್ನ ಆಯ್ಕೆ ಡನ್ ಮಾಪನ. ಆತ್ಮಹತ್ಯೆಯ ಅಪಾಯವೇ ಮುಖ್ಯ ಪ್ರಶ್ನೆಯಾಗಿದ್ದರೆ ಬೆಕ್ ಮಾಪನವೇ ಇರಲಿ. ಯಾವುದನ್ನೇ ಬಳಸಿದರೂ ಅನುಮತಿ ಪಡೆದು, ಕನ್ನಡ ಅನುವಾದವನ್ನು ಮತ್ತೊಬ್ಬರಿಂದ ಇಂಗ್ಲಿಷಿಗೆ ಮರು ಅನುವಾದ ಮಾಡಿಸಿ ಮೂಲದೊಂದಿಗೆ ತಾಳೆ ನೋಡಬೇಕು. ಹೆಚ್ಚು ಅಂಕ ಬಂದವರನ್ನು ಅಂದೇ ವೈದ್ಯರಿಗೆ ತೋರಿಸಬೇಕು.